ಮೇಸ್ತ್ರಿಯ ಹೊಟ್ಟೆಯುರಿ

ಮೇಸ್ತ್ರಿ ಎಂದೇ ಎಲ್ಲರೂ ಕರೆಯುತ್ತಿದ್ದ ಆ ಮನುಷ್ಯನಿಗೆ ಐವತ್ತೊಂದು ವರ್ಷ. ಅದರಲ್ಲಿ ಮೂವತ್ತನ್ನು ಕಾರುಗಳ ಹೊಟ್ಟೆಯೊಳಗೇ ಕಳೆದಿದ್ದ. ದೊಡ್ಡ ರಸ್ತೆಯಿಂದ ಒಳಕ್ಕೆ ತಿರುಗುವ ಬೀದಿಯ ಮೂಲೆಯಲ್ಲಿ ಅವನ ಗ್ಯಾರೇಜು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ಸಿಮೆಂಟು ನೆಲ, ಹಿಂದಿನ ಗೋಡೆಯಲ್ಲೊಂದು ಬಾಗಿಲು; ಬಾಗಿಲು ದಾಟಿದರೆ ಮನೆ. ಕಾರು ಇನ್ನೂ ತಿರುವಿನಲ್ಲಿರುವಾಗಲೇ, ಕಣ್ಣಿಗೆ ಬೀಳುವ ಮೊದಲೇ, ಸದ್ದು ಕೇಳಿ ಅದರ ಕಾಯಿಲೆ ಏನೆಂದು ಹೇಳಿಬಿಡುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಅವನು ಹೇಳಿದ್ದೇ ಸರಿಯಾಗಿರುತ್ತಿತ್ತು. ಹತ್ತನೆಯದರ ಸುದ್ದಿಯನ್ನು ಅವನೂ ಎತ್ತುತ್ತಿರಲಿಲ್ಲ, ಬೇರೆಯವರಿಗೂ ಎತ್ತಲು ಬಿಡುತ್ತಿರಲಿಲ್ಲ.

ಎಂಜಿನ್ ಇಳಿಸುವ ಕೆಲಸದಲ್ಲಂತೂ ಅವನನ್ನು ಬಿಟ್ಟರೆ ಇಲ್ಲ ಎಂಬ ಮಾತಿತ್ತು. ನೂರೆಂಟು ವೈರು, ಪೈಪು, ಬೋಲ್ಟು ಬಿಚ್ಚಿ ನೆಲದ ಮೇಲೆ ರಾಶಿ ಹಾಕಿ, ವಾರ ಬಿಟ್ಟು ಅದೇ ರಾಶಿಯಿಂದ ಒಂದೊಂದನ್ನೇ ಎತ್ತಿ ತಪ್ಪದೆ ಕೂರಿಸುತ್ತಿದ್ದ. ಬರೆದಿಟ್ಟುಕೊಳ್ಳಬಾರದೇ ಎಂದು ಯಾರಾದರೂ ಕೇಳಿದರೆ, "ಹಾಗಾದ್ರೆ ಈ ತಲೆ ಇರೋದು ಬರೀ ಕೂದಲು ಬೆಳೆಸೋಕಾ?" ಅನ್ನುತ್ತಿದ್ದ. ಆ ತಲೆಯ ಮೇಲೆ ಕೂದಲೂ ಹೆಚ್ಚೇನಿರಲಿಲ್ಲ ಎಂಬುದು ಬೇರೆ ಮಾತು.

ಅಂಥವನಿಗೆ ಒಂದು ದಿನ ಸೊಂಟ ಕೈಕೊಟ್ಟಿತು. ಜ್ಯಾಕ್ ತರಲು ಸೋಮಾರಿತನವಾಗಿ ಗೇರ್‌ಬಾಕ್ಸನ್ನು ಬರಿಗೈಯಲ್ಲಿ ಎತ್ತಲು ಹೋದ. ಬೆನ್ನೊಳಗೆ ಏನೋ ಕಟಕ್ ಅಂದಿತು. ಹಾಗೆಯೇ ಮಂಡಿಯೂರಿ ಕುಳಿತವನನ್ನು ಮೂವರು ಹೊತ್ತು ಒಳಗೆ ಮಲಗಿಸಬೇಕಾಯಿತು. "ಆರು ತಿಂಗಳು ತುಂಬಿದ ಬಕೆಟ್ ಕೂಡ ಎತ್ತೋ ಹಾಗಿಲ್ಲ," ಎಂದರು ಡಾಕ್ಟರು. ಗ್ಯಾರೇಜಿನಲ್ಲಿ ಆಗ ಮೂರು ಕಾರುಗಳು ಅರ್ಧ ಬಿಚ್ಚಿ ನಿಂತಿದ್ದವು.

ಅವನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದಳು. ಹೆಚ್ಚು ಮಾತಿಲ್ಲದ, ಬಾಯಲ್ಲಿ ಸದಾ ಒಂದು ಗುಂಡುಸೂಜಿ ಕಚ್ಚಿಕೊಂಡಿರುವ ಹೆಂಗಸು. ಎರಡು ವಾರ ನೋಡಿದಳು. ಹದಿನೈದನೆಯ ದಿನ ಗಂಡನ ಹಳೆಯ ಅಂಗಿ ತೊಟ್ಟು, ತೋಳು ಮಡಚಿ ಬಂದು, "ರೀ, ನೀವು ಕುರ್ಚಿ ಮೇಲೆ ಕೂತು ಬಾಯಲ್ಲಿ ಹೇಳಿ. ನಾನು ಕೈಯಲ್ಲಿ ಮಾಡ್ತೀನಿ," ಎಂದಳು.

ಮೇಸ್ತ್ರಿ ನಕ್ಕ. ಒಳಗಿನಿಂದ ಅವನ ತಾಯಿ ಕೂಗಿ ಹೇಳಿದಳು: "ಮಾಡಲಿ ಬಿಡೋ. ಕೆಟ್ಟಿರೋದು ಸೊಂಟ ತಾನೆ, ಬಾಯಿ ಗಟ್ಟಿಮುಟ್ಟಾಗೇ ಇದೆಯಲ್ಲ!"

ಹಾಗೆ ಶುರುವಾಯಿತು. ಅವನು ಹೇಳುವುದು, ಅವಳು ಮಾಡುವುದು. ಮೊದಲ ತಿಂಗಳು ದಿನಕ್ಕೆ ಹತ್ತು ಸಲ ರೇಗಿದ. ಎರಡನೆಯ ತಿಂಗಳು ರೇಗಲು ಕಾರಣ ಹುಡುಕಬೇಕಾಯಿತು. ಹೊಲಿಗೆಯ ಕೈ ಅವಳದು. ಅವನ ದಪ್ಪ ಬೆರಳು ನುಗ್ಗದ ಸಂದಿಯಲ್ಲಿ ಅವಳ ಬೆರಳು ಹೋಗಿ ಬರುತ್ತಿತ್ತು. ಹೊಲಿಗೆಯ ಅಭ್ಯಾಸಗಳನ್ನೂ ಅವಳು ಜೊತೆಗೇ ತಂದಿದ್ದಳು. ಬಿಚ್ಚಿದ ಭಾಗದ ಆಕಾರವನ್ನು ರಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಯಾವ ಬೋಲ್ಟು ಎಲ್ಲಿಂದ ಬಂತೋ ಅಲ್ಲೇ ತೂತು ಮಾಡಿ ಅದನ್ನು ಸಿಕ್ಕಿಸುತ್ತಿದ್ದಳು. ಬೇರ್ಪಡಿಸಿದ ಪ್ರತಿ ಪೈಪಿನ ಎರಡು ತುದಿಗೂ ಒಂದೇ ಬಣ್ಣದ ದಾರ ಕಟ್ಟುತ್ತಿದ್ದಳು. ಹಳದಿಗೆ ಹಳದಿ, ನೀಲಿಗೆ ನೀಲಿ. ಮತ್ತೆ ಜೋಡಿಸುವಾಗ ಅಲ್ಲಲ್ಲಿ ಕೆಂಪು ದಾರ ಕಾಣುತ್ತಿತ್ತು. ಅದೇನೆಂದು ಮೇಸ್ತ್ರಿ ಕೇಳಲಿಲ್ಲ. ತನ್ನದೇ ಕೆಲಸದ ವಿಷಯವನ್ನು ಹೆಂಡತಿಯ ಹತ್ತಿರ ಕೇಳುವುದೆಂದರೇನು?

ಆಗೆಲ್ಲ ಅವನಿಗೆ ಹೆಮ್ಮೆಯೇ ಇತ್ತು. ಬಂದವರೆದುರು, "ನೋಡಿ, ನನ್ನ ಶಿಷ್ಯೆ," ಎಂದು ತೋರಿಸುತ್ತಿದ್ದ. ಅವಳು ಎಷ್ಟು ಚೆನ್ನಾಗಿ ಮಾಡಿದರೂ ಹೊಗಳಿಕೆ ಕುರ್ಚಿಗೇ ಬರುತ್ತಿತ್ತು. ಹೆಮ್ಮೆ ಹುಳಿಯಾಗತೊಡಗಿದ್ದು ಅವನು ಕುರ್ಚಿ ಬಿಟ್ಟು ಎದ್ದ ಮೇಲೆ.

ಏಳನೆಯ ತಿಂಗಳ ಮೊದಲ ದಿನ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ. ಒಬ್ಬ ಟ್ಯಾಕ್ಸಿಯವನು ಬಂದ. ಮೇಸ್ತ್ರಿಯ ಆರೋಗ್ಯ ವಿಚಾರಿಸಿದ, ಸಂತೋಷಪಟ್ಟ, ಆಮೇಲೆ ಅವನ ಹೆಗಲಾಚೆ ಕತ್ತು ಚಾಚಿ, "ಅಕ್ಕ ಇಲ್ವಾ?" ಎಂದು ಕೇಳಿದ.

ಅಷ್ಟೇ. ಆದರೆ ಮಾರನೆಯ ದಿನವೂ ಯಾರೋ ಅದನ್ನೇ ಕೇಳಿದರು, ಅದರ ಮಾರನೆಯ ದಿನ ಇಬ್ಬರು ಕೇಳಿದರು. ಫೋನು ಬಂದರೆ ಅವಳಿಗೆ. ಚಹಾದ ಅಂಗಡಿಯವನೂ ಲೋಟವನ್ನು ಮೊದಲು ಅವಳ ಕಡೆ ಚಾಚುತ್ತಿದ್ದ. ಒಂದು ದಿನ ಕಿರಾಣಿ ಅಂಗಡಿಯವನ ವ್ಯಾನು ಟಕಟಕ ಅನ್ನುತ್ತ ಬಂತು. ಮೇಸ್ತ್ರಿ ದೂರದಿಂದಲೇ, "ಮೇಲಿನ ಟ್ಯಾಪೆಟ್ ಸದ್ದು, ಒಂದು ಗಂಟೆ ಕೆಲಸ," ಎಂದ. ಹೆಂಡತಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಗೆ ಕಿವಿಯಿಟ್ಟು ಕೇಳಿದಳು. "ರೀ, ಸದ್ದು ಮೇಲಿಂದ ಬರ್ತಿಲ್ಲ, ಕೆಳಗಿಂದ ಬರ್ತಿದೆ. ಬೇರಿಂಗ್ ಸವೆದಿರಬಹುದಾ?" ಎಂದಳು. ಮೇಸ್ತ್ರಿ ಅಂಗಡಿಯವನ ಕಡೆ ಕಣ್ಣು ಮಿಟುಕಿಸಿ ನಕ್ಕ. ಬಿಚ್ಚಿದರೆ, ಬೇರಿಂಗೇ.

"ಗುರುವಿಗೇ ತಿರುಮಂತ್ರ ಆಯ್ತಲ್ಲ ಮೇಸ್ತ್ರಿ!" ಎಂದು ಅಂಗಡಿಯವನು ಬೆನ್ನು ತಟ್ಟಿದ. ಎಲ್ಲರೂ ನಕ್ಕರು, ಮೇಸ್ತ್ರಿಯೂ ನಕ್ಕ. ಆ ಮಧ್ಯಾಹ್ನ ಎದುರಿಗೆ ಕುಳಿತು ಉಣ್ಣುತ್ತಿದ್ದ ಹೆಂಡತಿಯ ಕೈಯನ್ನೇ ನೋಡಿದ. ಉಗುರಿನ ಸಂದಿಯಲ್ಲಿ ಕಪ್ಪು, ಬೆರಳ ಗೆಣ್ಣಿನ ಮೇಲೆ ಸ್ಪ್ಯಾನರ್ ಜಾರಿ ಆದ ಗಾಯ. ತನ್ನ ಕೈಯನ್ನೇ ಯಾರೋ ಕದ್ದೊಯ್ದು ಅವಳಿಗೆ ಜೋಡಿಸಿದ ಹಾಗೆ ಕಂಡಿತು.

ಅಲ್ಲಿಂದ ಅವನ ಸಣ್ಣತನ ಶುರು. ಅವಳಿಗೆ ಬೇಕಾದ ಸ್ಪ್ಯಾನರುಗಳನ್ನು ಅವಳ ಕೈಗೆಟುಕದ ಮೇಲಿನ ಹಲಗೆಗೆ ಏರಿಸಿಟ್ಟ. ಗಿರಾಕಿಗಳೆದುರು ಅವಳನ್ನು "ಟೈಲರಮ್ಮ" ಎಂದು ಕರೆದ. ಅವಳು ಸರಿಯಾಗಿ ಬಿಗಿದ ಬೋಲ್ಟನ್ನೇ ಇನ್ನೊಮ್ಮೆ ಬಿಗಿದು, "ಹೂಂ, ಈಗ ಸರಿಹೋಯ್ತು," ಎಂದ. ಅವಳು ಒಂದು ಸ್ಟೂಲು ತಂದುಕೊಂಡು ಹಲಗೆಯಿಂದ ಸ್ಪ್ಯಾನರ್ ಇಳಿಸಿಕೊಂಡಳು, ಬೇರೇನೂ ಅನ್ನಲಿಲ್ಲ. ತಾಯಿ ಮಾತ್ರ ಬಾಗಿಲಲ್ಲಿ ನಿಂತು ನೋಡಿ, "ಅದ್ಯಾಕೋ ನಿನ್ನ ಮುಖ ಹರಳೆಣ್ಣೆ ಕುಡಿದ ಹಾಗಿದೆ?" ಎಂದು ಕೇಳಿದಳು. "ಬೆನ್ನು ನೋವು," ಎಂದ.

ಹೀಗಿರುವಾಗ ನರ್ಸಮ್ಮನ ಕಾರು ಹಗ್ಗ ಕಟ್ಟಿ ಎಳೆಸಿಕೊಂಡು ಬಂತು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟಿ ಬರುವ ಗಟ್ಟಿ ಹೆಂಗಸು ಅವರು. ದಾರಿಯಲ್ಲಿ ನೀರಿನ ಪೈಪು ಒಡೆದು, ಎಂಜಿನ್ ಕಾದು, ಒಳಗೆಲ್ಲ ಕಚ್ಚಿಕೊಂಡು ನಿಂತುಬಿಟ್ಟಿತ್ತು. ರಿಪೇರಿಯ ಮಾತೇ ಇರಲಿಲ್ಲ. ಅದನ್ನು ತೆಗೆದು ಬೇರೆ ಕೂರಿಸಬೇಕು. ಹಿಂದಿನಿಂದ ಗುದ್ದಿಸಿಕೊಂಡು ಗುಜರಿ ಸೇರಿದ್ದ ಅದೇ ಜಾತಿಯ ಕಾರೊಂದರ ಒಳ್ಳೆಯ ಎಂಜಿನ್ನನ್ನು ಅವರೇ ಹುಡುಕಿಸಿ ತರಿಸಿದ್ದರು.

"ಅಕ್ಕ, ನೀವೇ ಮಾಡಿಕೊಡಬೇಕು. ನನ್ನ ಪೇಷೆಂಟುಗಳು ಕಾಯ್ತಿದ್ದಾರೆ," ಎಂದರು.

ಪಕ್ಕದಲ್ಲೇ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಮೇಸ್ತ್ರಿ, "ನಾನೂ ಇದೀನಲ್ಲ ನರ್ಸಮ್ಮ," ಎಂದ.

"ಇರಿ ಮೇಸ್ತ್ರಿ, ನೀವೂ ಇರಿ," ಎಂದರು ಅವರು ಧಾರಾಳವಾಗಿ.

ಮಾರನೆಯ ದಿನ ಇಬ್ಬರೂ ಕೂಡಿ ಹಳೆಯ ಎಂಜಿನ್ ಇಳಿಸಿದರು. ಅವಳು ಮೊದಲು ಬ್ಯಾಟರಿಯ ವೈರು ಕಳಚಿದಳು. ಬಾನೆಟ್ ತೆಗೆಯುವ ಮುಂಚೆ ಅದರ ಕೀಲುಗಳ ಸುತ್ತ ಸೀಮೆಸುಣ್ಣದ ಗೆರೆ ಎಳೆದಳು. ನೀರು, ಎಣ್ಣೆ ಬೇರೆಬೇರೆ ತಟ್ಟೆಗೆ ಇಳಿಸಿದಳು. ಪೆಟ್ರೋಲ್ ಪೈಪಿನ ಒತ್ತಡ ಬಿಟ್ಟು, ಬಟ್ಟೆ ಸುತ್ತಿ, ನಿಧಾನ ಕಳಚಿದಳು. ಎಡಮಗ್ಗುಲು ಅವಳದು, ಬಲಮಗ್ಗುಲು ಅವನದು. ಅವಳು ಒಂದು ದಾರ ಕಟ್ಟುವಷ್ಟರಲ್ಲಿ ಅವನು ಮೂರು ಪೈಪು ಬಿಚ್ಚುತ್ತಿದ್ದ, ಪಂದ್ಯ ಕಟ್ಟಿದವನ ಹಾಗೆ. ಗೇರ್‌ಬಾಕ್ಸಿನ ಅಡಿಗೆ ಜ್ಯಾಕ್ ಕೊಟ್ಟು, ಎಂಜಿನ್ನಿನ ಎರಡು ಕೊಂಡಿಗೂ ಸರಪಳಿ ಸಿಕ್ಕಿಸಿ, ಎತ್ತುವ ಕ್ರೇನಿನ ಹಿಡಿ ಕೈಗೆತ್ತಿಕೊಂಡು ಅವನು, "ಎತ್ಲಾ?" ಎಂದ.

"ಒಂದ್ನಿಮಿಷ ರೀ," ಎಂದು ಅವಳು ಎಂಜಿನ್ನಿನ ಸುತ್ತ ಅಂಗೈ ಆಡಿಸಿಕೊಂಡು ಬಂದಳು. ಬಲಮಗ್ಗುಲಿನ ತಳದಲ್ಲಿ ಅವಳ ಕೈ ನಿಂತಿತು. ಎಂಜಿನ್ನಿನಿಂದ ಕಾರಿನ ಮೈಗೆ ಬಿಗಿದಿದ್ದ ಹೆಣೆದ ತಂತಿಯೊಂದು ಹಾಗೆಯೇ ಉಳಿದಿತ್ತು. ಎತ್ತಿದ್ದರೆ ಎಂಜಿನ್ ಅದಕ್ಕೆ ಸಿಕ್ಕಿ ವಾಲಿ, ಎಲ್ಲಿಗೆ ಬಡಿಯುತ್ತಿತ್ತೋ. ಬಿಟ್ಟವನು ಅವನು. ಅವಳು ಅವನ ಮುಖವನ್ನೂ ನೋಡದೆ ಅದನ್ನು ಬಿಚ್ಚಿ, ಬೋಲ್ಟನ್ನು ರಟ್ಟಿಗೆ ಸಿಕ್ಕಿಸಿ, "ಈಗ ಎತ್ತಿ. ಕೆಳಗೆ ಕೈ ಇಡಬೇಡಿ," ಎಂದಳು.

ಬೈದಿದ್ದರೆ ತಾನೂ ತಿರುಗಿ ಬೈಯಬಹುದಿತ್ತು. ಅವಳು ಬೈಯಲಿಲ್ಲ. ಎಂಜಿನ್ ಕಾರಿನ ಹೊಟ್ಟೆಯಿಂದ ಮೆಲ್ಲಗೆ ಮೇಲೆದ್ದು, ಗಾಳಿಯಲ್ಲಿ ಒಮ್ಮೆ ತೂಗಿ, ನೆಲಕ್ಕಿಳಿಯಿತು. ಮೇಸ್ತ್ರಿಯ ಹೊಟ್ಟೆಯಲ್ಲಿ ಹೊತ್ತಿಕೊಂಡದ್ದು ಇಳಿಯಲಿಲ್ಲ.

ಮೂರನೆಯ ದಿನಕ್ಕೆ ಹೊಸ ಎಂಜಿನ್ ಒಳಗೆ ಕುಳಿತಿತ್ತು. ಗೇರ್‌ಬಾಕ್ಸಿಗೆ ಹೊಂದಿಕೊಂಡಿತ್ತು, ಎಂಜಿನ್ ನಿಲ್ಲುವ ಪಾದಗಳ ಬೋಲ್ಟು ಬಿಗಿಯಾಗಿತ್ತು, ಪೈಪುಗಳೆಲ್ಲ ಅವುಗಳ ಜಾಗಕ್ಕೆ ಬಂದಿದ್ದವು. ಮಧ್ಯಾಹ್ನ ಅತ್ತೆ ಊಟಕ್ಕೆ ಕರೆದರೆಂದು ಹೆಂಡತಿ ಕೈ ತೊಳೆಯಲು ಹೋದಳು. ಮೇಸ್ತ್ರಿ ಒಬ್ಬನೇ ಎಂಜಿನ್ನಿನ ಮುಂದೆ ಉಳಿದ.

ಮೂರು ಕಡೆ ಕೆಂಪು ದಾರ ಕಟ್ಟಿತ್ತು. ಅಚ್ಚುಕಟ್ಟಾದ ಗಂಟು, ಸಮನಾಗಿ ಕತ್ತರಿಸಿದ ತುದಿ. ಊಟವಾದ ಮೇಲೆ ನರ್ಸಮ್ಮ ಬರುವವರಿದ್ದರು. ಬಂದವರು ದಾರ ನೋಡಿ, "ಎಷ್ಟು ನೀಟಾಗಿ ಮಾಡ್ತಾರಪ್ಪ ಅಕ್ಕ!" ಅನ್ನುತ್ತಾರೆ. ಅದು ಅವನ ಕಿವಿಗೆ ಈಗಲೇ ಕೇಳಿಸಿತು. ಮೂವತ್ತು ವರ್ಷದಲ್ಲಿ ಎಷ್ಟು ಎಂಜಿನ್ ಇಳಿಸಿ ಏರಿಸಿದ್ದೇನೆ, ಒಂದರ ಮೇಲಾದರೂ ನನ್ನ ಗುರುತು ಕಟ್ಟಿದ್ದೆನೆ? ಇದೇನಿದು, ಎಂಜಿನ್ನೋ, ಇವಳು ಹೊಲಿದ ಅಂಗಿಯೋ?

ಜೇಬಿನಿಂದ ಚಾಕು ತೆಗೆದು ಮೂರನ್ನೂ ಕತ್ತರಿಸಿ ಜೇಬಿಗೆ ಹಾಕಿಕೊಂಡ.

ಹೆಂಡತಿ ಊಟ ಮುಗಿಸಿ ಬಂದು ಬಗ್ಗಿ ನೋಡಿದಳು. ಹುಬ್ಬು ಗಂಟಾಯಿತು. "ಇನ್ನೂ ಒಂದೆರಡು ಉಳಿದಿತ್ತು ಅಂದ್ಕೊಂಡಿದ್ದೆ… ರೀ, ನೀವೇನಾದ್ರೂ ಮುಟ್ಟಿದ್ರಾ?"

"ನಿನ್ನ ಎಂಜಿನ್ ನಾನ್ಯಾಕೆ ಮುಟ್ಲಿ?" ಎಂದ.

ಅವಳು ತಲೆ ಕೊಡವಿ, ನೀರು ತುಂಬಿಸಲು ಹೋದಳು.

ನರ್ಸಮ್ಮ ಬಂದರು. ಎಣ್ಣೆ ಅಳತೆ ನೋಡಿ, ಕೊನೆಗೆ ಬ್ಯಾಟರಿ ಜೋಡಿಸಿ, ಹೆಂಡತಿ ಕೀಲಿಕೈಯನ್ನು ಗಂಡನ ಕೈಗಿಟ್ಟಳು. "ನೀವೇ ತಿರುಗಿಸಿ ರೀ. ನಾನು ಎಲ್ಲಾದ್ರೂ ಸೋರುತ್ತಾ ನೋಡ್ತೀನಿ," ಎಂದು ಟಾರ್ಚು ಹಿಡಿದು ಎಂಜಿನ್ನಿನ ಮೇಲೆ ಬಗ್ಗಿದಳು.

ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಎಂಜಿನ್ ಎದ್ದಿತು. ಬೆಕ್ಕು ಗುರುಗುಟ್ಟಿದಷ್ಟು ಮೆತ್ತಗಿನ ಸದ್ದು. ನರ್ಸಮ್ಮ ಚಪ್ಪಾಳೆ ತಟ್ಟಿ, "ಅಕ್ಕಾ!" ಎಂದು ಕೂಗಿದರು. ಕೀಲಿ ತಿರುಗಿಸಿದ ಕೈ ನನ್ನದು, ಕೂಗು ಮಾತ್ರ ಅಕ್ಕನಿಗೆ ಎಂದು ಅವನ ಎದೆ ಚುರ್ರೆಂದಿತು. ಆ ಗಳಿಗೆಯಲ್ಲೇ ಮೂಗಿಗೆ ವಾಸನೆ ಬಡಿಯಿತು.

ಪೆಟ್ರೋಲ್.

ಎಂಜಿನ್ ಆರಿಸಿ, ಬಾಗಿಲು ದೂಡಿ ಹಾರಿದ. "ಹಿಂದೆ ಬಾ! ಬಾರೇ ಹಿಂದೆ!" ಎಂದು ಅರಚುತ್ತ ಹೆಂಡತಿಯ ರಟ್ಟೆ ಹಿಡಿದು ಎಳೆದ. ಇಬ್ಬರೂ ನೆಲಕ್ಕೆ ಬಿದ್ದರು. ಎಂಜಿನ್ನಿನ ಹಿಂಭಾಗದಲ್ಲಿ ಪೈಪೊಂದು ಬಾಯಿಬಿಟ್ಟು, ಪೆಟ್ರೋಲು ಹೊಗೆ ಕೊಳವೆಯ ಮೇಲೆ ಸುರಿದಿತ್ತು. ಕೊಳವೆ ಇನ್ನೂ ಬೆಚ್ಚಗಾಗುತ್ತಿತ್ತಷ್ಟೆ, ಅದಕ್ಕೇ ಹೊತ್ತಲಿಲ್ಲ. ಎರಡು ನಿಮಿಷ ಕಳೆದಿದ್ದರೆ ಅದು ಕೆಂಡದ ಹಾಗಿರುತ್ತಿತ್ತು, ಅವಳ ಮುಖ ಅದರಿಂದ ಒಂದು ಮೊಳ ದೂರದಲ್ಲಿರುತ್ತಿತ್ತು. ನರ್ಸಮ್ಮ ಕಂಬಕ್ಕೆ ತಗುಲಿಸಿದ್ದ ಬೆಂಕಿ ಆರಿಸುವ ಸಿಲಿಂಡರನ್ನು ಅಪ್ಪಿಕೊಂಡು ನಿಂತಿದ್ದರು. ಮೂವರೂ ಬೀದಿಗೆ ಹೋಗಿ, ವಾಸನೆ ಪೂರ್ತಿ ಹೋಗುವವರೆಗೂ ನಿಂತರು.

ಆಮೇಲೆ ಹೆಂಡತಿ ಬಂದು ನೋಡಿದಳು. ಪೈಪನ್ನು ಎಂಜಿನ್ನಿನ ಮೂತಿಗೆ ತೂರಿಸಿದ್ದಷ್ಟೇ, ಅದನ್ನು ಹಿಡಿಯುವ ಪಟ್ಟಿಯನ್ನು ಬಿಗಿದಿರಲಿಲ್ಲ. ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದಳು.

"ನನ್ನ ತಪ್ಪು ನರ್ಸಮ್ಮ. ಬಿಗಿ ಮಾಡೋವರೆಗೂ ನಾನು ಕೆಂಪು ದಾರ ಬಿಚ್ಚಲ್ಲ. ಹೊಲಿಗೇಲೂ ಅಷ್ಟೇ, ಗಟ್ಟಿ ಹೊಲಿಗೆ ಬೀಳೋವರೆಗೂ ಕಚ್ಚಾ ದಾರ ತೆಗೀಬಾರದು. ಹೇಗೆ ತೆಗೆದೆ ನಾನು? ತೆಗೆದಿದ್ದೇ ನೆನಪಿಲ್ವಲ್ಲ!"

ಮೇಸ್ತ್ರಿಯ ಕೈ ಜೇಬಿನ ಮೇಲಿತ್ತು. ಬಾಯಿ ತೆರೆದ. ನರ್ಸಮ್ಮ ಅವನ ಕಡೆ ತಿರುಗಿ, "ನೀವಿಲ್ಲದಿದ್ರೆ ಏನು ಗತಿ ಮೇಸ್ತ್ರಿ! ಉಳಿದಿದ್ದು ನೀವೇ ನೋಡಿಬಿಡಿ," ಎಂದರು. ತೆರೆದ ಬಾಯಿ ಮುಚ್ಚಿಕೊಂಡಿತು.

ಅವನು ಬಯಸಿದ್ದೆಲ್ಲ ಸಿಕ್ಕಿತು. ಮೂರೂ ಪಟ್ಟಿ ಬಿಗಿದು, ಎರಡೆರಡು ಸಲ ಪರೀಕ್ಷಿಸಿ ಕಾರು ಒಪ್ಪಿಸಿದ. ಸುದ್ದಿ ಬೀದಿಯಲ್ಲೆಲ್ಲ ಹರಡಿತು: ಅಕ್ಕನ ಕೈ ತಪ್ಪಿತಂತೆ, ಮೇಸ್ತ್ರಿ ಜೀವ ಉಳಿಸಿದನಂತೆ. ಟ್ಯಾಕ್ಸಿಯವನು ನೇರ ಅವನ ಹತ್ತಿರವೇ ಬಂದ. ಚಹಾದ ಲೋಟ ಮೊದಲು ಅವನಿಗೇ ಬಂತು. ಹೆಂಡತಿ ಮುಂದಿನ ಕೋಣೆಯ ಹೊಲಿಗೆ ಯಂತ್ರಕ್ಕೆ ವಾಪಸಾದಳು. ಎರಡು ದಿನ ಗೋಡೆಯಾಚೆಯಿಂದ ಆ ಯಂತ್ರದ ಸದ್ದು ಕೇಳಿಸುತ್ತಿತ್ತು. ಕೇಳಿದಾಗಲೆಲ್ಲ ಅವನು ಬಿಗಿದ ಬೋಲ್ಟನ್ನೇ ಇನ್ನೊಮ್ಮೆ ಬಿಗಿಯುತ್ತಿದ್ದ.

ಮೂರನೆಯ ದಿನ ಬೆಳಿಗ್ಗೆ, ಅತ್ತೆ ಸ್ನಾನಕ್ಕೆ ಹೋದಾಗ, ಅವಳು ತಗ್ಗಿದ ದನಿಯಲ್ಲಿ ಕೇಳಿದಳು: "ರೀ, ನಮ್ಮಮ್ಮನಿಗೆ ಕೊನೇಲಿ ಹಾಗೇ ತಾನೆ ಶುರುವಾಗಿದ್ದು? ಮೊದಲು ಒಲೆ ಆರಿಸಿದ್ದು ಮರೆತ್ರು, ಆಮೇಲೆ ನನ್ನನ್ನೇ ಮರೆತ್ರು. ನಂಗೂ ಶುರುವಾಯ್ತಾ? ಡಾಕ್ಟರ್ ಹತ್ರ ಹೋಗ್ಲಾ?"

ಮೇಸ್ತ್ರಿಗೆ ಇನ್ನು ತಡೆಯಲಾಗಲಿಲ್ಲ. "ನಿಂಗೇನೂ ಆಗಿಲ್ಲ ಕಣೇ," ಎಂದ. "ನಾನು ಕತ್ತರಿಸಿದ್ದು. ನೀನು ಊಟಕ್ಕೆ ಹೋದಾಗ."

"ಕೆಂಪು ದಾರ ಅಂದ್ರೆ ಏನು ಅಂತ ನಿಮಗೆ ಗೊತ್ತಿತ್ತಾ?"

"ಇಲ್ಲ."

"ಕೇಳಿದ್ರೆ ಹೇಳ್ತಿದ್ನಲ್ಲ."

"ಕೇಳೋಕೆ ಆಗ್ಲಿಲ್ಲ. ನಾನು ಕಲಿಸಿದ್ದು ನಿಂಗೆ. ಎಲ್ಲರೂ ಅಕ್ಕ ಅಕ್ಕ ಅಂತಾರೆ… ಹೊಟ್ಟೆ ಉರೀತು."

"ಮುಟ್ಟಿದ್ರಾ ಅಂತ ಕೇಳಿದೆ ನಾನು. ಆಗ್ಲೂ ಹೇಳ್ಲಿಲ್ಲ. ಆಮೇಲೆ ಮೂರು ದಿನ ನನ್ನ ಸಂಕಟ ನೋಡ್ಕೊಂಡು ಕೂತಿದ್ರಿ." ದನಿ ಏರಲಿಲ್ಲ. ಬಾಗಿಲಲ್ಲಿ ಒದ್ದೆ ತಲೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ತಾಯಿ, ಎಲ್ಲದಕ್ಕೂ ಒಂದು ಚಟಾಕಿ ಇಟ್ಟುಕೊಂಡಿರುತ್ತಿದ್ದವಳು, ಅವತ್ತು ಮಗನ ಮುಖ ನೋಡದೆ ಒಳಗೆ ಹೋದಳು.

ಹೆಂಡತಿ ಅವನನ್ನು ನೇರ ನರ್ಸಮ್ಮನ ಮನೆಗೆ ಕರೆದುಕೊಂಡು ಹೋಗಿ, "ಹೇಳಿ," ಎಂದಳು. ಹೇಳಿದ. ನರ್ಸಮ್ಮ ಪೂರ್ತಿ ಕೇಳಿಸಿಕೊಂಡು, "ಸುಟ್ಟ ಗಾಯ ನಾನು ದಿನಾ ತೊಳೀತೀನಿ ಮೇಸ್ತ್ರಿ. ಒಂದ್ಸಲ ನನ್ನ ಜೊತೆ ಬನ್ನಿ, ನೋಡೋರಂತೆ," ಎಂದರು. ಕಾರಿನ ವಿಷಯಕ್ಕೆ ಮತ್ತೆ ಫೋನು ಮಾಡಿದ್ದು ಅವಳಿಗೆ ಮಾತ್ರ. ಬೀದಿಯವರಿಗೂ ಅವನೇ ಹೇಳಬೇಕಾಯಿತು; ಟ್ಯಾಕ್ಸಿಯವನಿಗೆ, ಅಂಗಡಿಯವನಿಗೆ, ಚಹಾದವನಿಗೆ, ಒಬ್ಬೊಬ್ಬರಿಗೂ. ಕೆಲವರು ಕೆಲಸ ತರುವುದನ್ನೇ ನಿಲ್ಲಿಸಿದರು.

ಹನ್ನೊಂದು ದಿನ ಅವಳು ಅವನೊಡನೆ ಮಾತಾಡಲಿಲ್ಲ. ಬೇಕಾದ್ದನ್ನು ಅತ್ತೆಯ ಮೂಲಕ ಹೇಳಿಸುತ್ತಿದ್ದಳು. ಆದರೆ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ ಗ್ಯಾರೇಜಿಗೆ ಬಂದಳು. ಬಂದ ದಿನವೇ ನೆಲದ ನಡುವೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಈ ಕಡೆ ನಿಂತ ಕಾರು ನನ್ನದು, ಆ ಕಡೆಯದು ನಿಮ್ಮದು ಎಂದು ಕೈಯಲ್ಲೇ ತೋರಿಸಿದಳು. ಗೆರೆ ಒಂದು ತಿಂಗಳಲ್ಲಿ ಎಣ್ಣೆಯಲ್ಲಿ ಅಳಿಸಿಹೋಯಿತು. ಅವಳು ಮತ್ತೆ ಎಳೆಯಲಿಲ್ಲ. ಆದರೆ ಅವನು ಅದು ಎಲ್ಲಿತ್ತೆಂದು ಮರೆಯಲಿಲ್ಲ. ದೊಡ್ಡ ಎಂಜಿನ್ ಬಂದು ಇಬ್ಬರೂ ಬೇಕಾದಾಗ ಮಾತ್ರ, ಎತ್ತುವ ಮುಂಚೆ ಅವಳ ಕೆಲಸದ ಮೇಲೆ ಅವನು, ಅವನ ಕೆಲಸದ ಮೇಲೆ ಅವಳು ಕೈಯಾಡಿಸಿ ನೋಡುವುದು ಎಂದಾಯಿತು.

ಹೊಟ್ಟೆಯುರಿ ಹೋಯಿತೇ ಎಂದರೆ, ಇಲ್ಲ. ಒಂದು ದಿನ ಯಾರೋ ಅವಳನ್ನು ಹುಡುಕಿಕೊಂಡು ಬೇರೆ ಊರಿನಿಂದ ಬಂದು ಹೋದ ಮೇಲೆ, ಅವನು ಅದನ್ನು ಅವಳಿಗೇ ಹೇಳಿಬಿಟ್ಟ: "ನಂಗೆ ಇನ್ನೂ ಆಗುತ್ತೆ ಕಣೇ. ಏನ್ಮಾಡ್ಲಿ?"

ಅವಳು ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಯೋಚಿಸಿದಳು. "ಆದಾಗ ಹೇಳಿ. ನುಂಗಬೇಡಿ. ನುಂಗಿದ್ರೆ ಏನಾಗುತ್ತೆ ಅಂತ ನೋಡಿದೀವಲ್ಲ."

ಅಂದಿನಿಂದ ಅವನು ಹೇಳುತ್ತಾನೆ. ಮೊದಮೊದಲು ಹೇಳಲು ನಾಲಿಗೆ ತಿರುಗುತ್ತಿರಲಿಲ್ಲ. ಈಗ ಗಿರಾಕಿ ಬಾಗಿಲು ದಾಟುವುದನ್ನೇ ಕಾಯುತ್ತಾನೆ. ಮೊನ್ನೆ ಒಬ್ಬಳು ಹೆಂಗಸು ಬಂದು ಅಕ್ಕನ ಕೆಲಸವನ್ನು ಹಾಡಿ ಹೊಗಳಿ ಹೋದಳು. ಮೇಸ್ತ್ರಿ ಕಾರಿನಡಿ ಮಲಗಿದ್ದವನು ಅಲ್ಲಿಂದಲೇ, "ಉರೀತಿದೆ," ಎಂದ.

"ಎಷ್ಟು?"

"ಬೆಳಿಗ್ಗೆಗಿಂತ ಜಾಸ್ತಿ."

"ಸರಿ, ಹಾಗಾದ್ರೆ ಸ್ವಲ್ಪ ಹೊತ್ತು ನನ್ನ ಕಾರಿನ ಹತ್ರ ಬರಬೇಡಿ," ಎಂದು ಅವಳು ಮತ್ತೆ ಎಂಜಿನ್ನಿನೊಳಕ್ಕೆ ಬಗ್ಗಿದಳು. ಅವನು ಆ ದಿನವೆಲ್ಲ ಅಳಿಸಿಹೋದ ಗೆರೆಯ ತನ್ನ ಕಡೆಯಲ್ಲೇ ಇದ್ದ.